ಚೀನಾದ ಹುಡುಗಿ ಮತ್ತು ಅವ್ವನ ಬೆಲ್ಲ

ಕಬನೂರ, ಇಚಲಕರಂಜಿ
೧೨ ಫೆಬ್ರವರಿ ೨೦೨೫

ಪ್ರೀತಿಯ ದೀಪಾಲಿ ಅಕ್ಕನಿಗೆ,

ರುತುಜಾ ಮಾಡುವ ನಮಸ್ಕಾರ. ನಾನು, ಅವ್ವ ಇಬ್ಬರೂ ಆರಾಮ ಇದ್ದೇವೆ. ನಿನ್ನ ಮೆಸೇಜು ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು. ಸಿಟ್ಟಾಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಹೂಂ ಅನ್ನುವುದಷ್ಟೇ ಬರುತ್ತದೆ. ಈ ಸಲ ಬೇಡ ಅನ್ನಬೇಕಾಗಿತ್ತು. ಅದಕ್ಕೇ ಪತ್ರ.

ಚೀನಾದ ಪ್ರೊಫೆಸರರು ಕೊಲ್ಹಾಪುರಕ್ಕೆ ಬರುತ್ತಾರೆ, ಮಗ್ಗದ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವವರ ಜೊತೆ ಮಾತಾಡಬೇಕಂತೆ, ನಿನ್ನ ಗೈಡ್ ಪದ್ಮಕುಮಾರ ಸರ್ ಅವ್ವನನ್ನೇ ಕರೆಸು ಅಂದಿದ್ದಾರೆ, ಕೆಲಸದ ಸೀರೆಯಲ್ಲೇ ಕರೆದುಕೊಂಡು ಬಾ ಎಂದು ಬರೆದಿದ್ದೀ. ನಾವು ಬರುವುದಿಲ್ಲ ಅಕ್ಕಾ.

ಇಲ್ಲಿ ನಮ್ಮ ಮಾಲಕರು ಹಳೆಯ ಮಗ್ಗಗಳನ್ನು ಭಂಗಾರದವನಿಗೆ ತೂಕಕ್ಕೆ ಹಾಕಿ ಚೀನಾದ ಮಷೀನು ತರಿಸಿದ್ದಾರೆ. ಅದಕ್ಕೆ ಕಾಂಡಿಯೇ ಬೇಡ. ಅರ್ಧ ಹೆಂಗಸರನ್ನು ಬಿಡಿಸಿದರು. ನಾವಿಬ್ಬರೂ, ನಮ್ಮ ಪಕ್ಕ ಕೂತು ಕಾಂಡಿ ಸುತ್ತುವ ಬಯಾಬಾಯಿಯೂ ಹಳೇ ಮಗ್ಗಗಳ ಕಡೆ ಉಳಿದಿದ್ದೇವೆ. "ಚನ್ನವ್ವಾ, ನಿನ್ನ ಮಗಳು ಚೀನಾಕ ಹೋಗಿ ಬಂದಳು, ಅಕಿ ಹಿಂದಿಂದ ಮಷೀನೂ ಬಂತ ನೋಡ" ಎಂದು ಬಯಾಬಾಯಿ ಚೇಷ್ಟೆ ಮಾಡುತ್ತಾಳೆ. ಅವ್ವ ಮೊದಲೆಲ್ಲ ನಗುತ್ತಿದ್ದಳು.

ಗಡಹಿಂಗ್ಲಜದ ಕಾಲೇಜಿನಲ್ಲಿ ಚೀನಾದ ಬಗ್ಗೆ ನಿನ್ನ ಭಾಷಣ ಇದೆ ಎಂದು ತಿಳಿದಾಗ ನಿನಗೆ ಹೇಳದೆ ಬಂದೆವು, ಖುಷಿಯಾಗಲಿ ಎಂದು. ಅವ್ವ ಮದುವೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಚೀನಾದಲ್ಲಿಯೂ ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು, ಮಕ್ಕಳು ಎರಡರ ನಡುವೆ ಸಿಕ್ಕು ಹಿಂದೆ ಬೀಳುತ್ತಾರೆ ಎಂದು ನೀನು ಅಂದೆ. "ಮನ್ಯಾಗ ಕನ್ನಡ, ಹೊರಗ ಮರಾಠಿ, ನಮ್ಮಂಗಽ ಐತಿ ಅಲ್ಲಿ" ಎಂದು ಅವ್ವ ಪಕ್ಕದವರಿಗೆಲ್ಲ ಹೇಳಿದಳು. ಆಮೇಲೆ ನೀನು ಗೋಡೆಯ ಮೇಲೆ ಚೀನಾದ ಒಬ್ಬ ಹುಡುಗಿಯ ಫೋಟೋ ತೋರಿಸಿದೆ. ಅವಳೂ ನಮ್ಮ ಹಾಗೆ ನೂಲು ಸುತ್ತುವವಳು. ಅಣ್ಣ ಓದಲಿ ಎಂದು ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟವಳು. ಅದನ್ನು ಹೇಳುವಾಗ ನಿನಗೆ ಗಂಟಲು ಕಟ್ಟಿತು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಾಗ ನೀನು ಅತ್ತಿದ್ದು ನನಗೆ ನೆನಪಿಲ್ಲ. ಅತ್ತಿದ್ದರೂ ಇರಬಹುದು.

ಅವ್ವನಿಗೆ ತಿಳಿದದ್ದೇ ಬೇರೆ. ಹತ್ತಿಯ ಧೂಳು ಗಂಟಲಿಗೆ ಕೂತರೆ ನಾವು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಸೆರಗಿನ ಗಂಟಿನಲ್ಲಿ ಅವಳ ಬಳಿ ಯಾವಾಗಲೂ ಇರುತ್ತದೆ. ನಾನು ಕೈ ಹಿಡಿಯುವುದರೊಳಗೆ ಎದ್ದು ನಡೆದೇಬಿಟ್ಟಳು. ವೇದಿಕೆ ಹತ್ತಿ, "ತಗೋ, ಬಾಯಾಗ ಹಾಕ್ಕೊ, ಧೂಳ ಇಳಿತೈತಿ" ಅಂದಳು. ಕಾರಖಾನೆಯ ದನಿ, ಮೈಕು ಬೇಕಾಗಲಿಲ್ಲ. ಎಲ್ಲರೂ ನಕ್ಕರು. ನೀನು ಬೆಲ್ಲ ತೆಗೆದುಕೊಂಡು ಕಾಗದಗಳ ಕೆಳಗೆ ಇಟ್ಟೆ.

ಬಸ್ಸಿನಲ್ಲಿ ಅವ್ವ, "ಅಕಿಗಿ ಕೆಲಸಾ ಭಾಳ ಅದಾವ, ಮತ್ತ ಮತ್ತ ಹೋಗಿ ತ್ರಾಸ ಕೊಡೂದು ಬ್ಯಾಡ" ಅಂದಳು, ಅಷ್ಟೇ.

ನಿನ್ನ ಪದವಿ ಬೇಗ ಕೈಗೆ ಬರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವನ ಆಶೀರ್ವಾದ ಬರೆಯಲೇ ಎಂದು ಕೇಳಿದೆ, ತಲೆ ಆಡಿಸಿದಳು.

ನಿನ್ನ ತಂಗಿ,
ರುತುಜಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಅವ್ವ ಕೆಳಗಿಳಿದು ಬಾಗಿಲ ಹತ್ತಿರ ನನ್ನ ಬಳಿ ಬಂದು ನಿಂತ ಮೇಲೆ ವೇದಿಕೆಯಲ್ಲಿ ಕೂತಿದ್ದ ಪದ್ಮಕುಮಾರ ಸರ್ ನಿನ್ನ ಕಡೆ ಬಾಗಿ, ಯಾರು ಅವರು ಎಂದು ಕೇಳಿದರು. ನೀನು ಮೈಕಿನಿಂದ ಮುಖ ಸರಿಸಿ ಉತ್ತರ ಕೊಟ್ಟೆ. ಅಷ್ಟು ದೂರಕ್ಕೆ ಕೇಳಿಸದು ಅಂದುಕೊಂಡಿರಬೇಕು. ಕೇಳಿಸಲಿಲ್ಲ ನಿಜ. ಆದರೆ ಮಗ್ಗದ ಸದ್ದಿನಲ್ಲಿ ದಿನವಿಡೀ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುವವರು ನಾವು. ಗುರುತಿನವರಲ್ಲ ಸರ್, ಇಚಲಕರಂಜಿಯ ಕಾಂಡಿ ಕೆಲಸದವರು, ನನ್ನ ಅಭ್ಯಾಸಕ್ಕೆ ಮಾಹಿತಿ ಕೊಡುವವರು ಎಂದು ನೀನು ಮರಾಠಿಯಲ್ಲಿ ಅಂದೆ. ಈಗ ಅವರು ಆ ಕಾಂಡಿಯವರನ್ನೇ ಕರೆಸು ಅನ್ನುತ್ತಿದ್ದಾರೆ.

ನಾನೊಬ್ಬಳೇ ನೋಡಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮರುದಿನ ಕೆಲಸದಲ್ಲಿ ಬಯಾಬಾಯಿ, "ಮಗಳ ಭಾಷಣಾ ಹೆಂಗ ಆತ ಚನ್ನವ್ವಾ?" ಎಂದು ಕೇಳಿದಳು. ಅವ್ವ ಅವಳ ತುಟಿ ನೋಡಿ, ಮತ್ತೆ ನೂಲಿನ ಕಡೆ ಬಗ್ಗಿದಳು.

"ಮ್ಯಾಡಮ್ಮಾರು ಭಾಳ ಚಲೋ ಮಾತಾಡಿದ್ರು" ಅಂದಳು.