ಒಂದೇ ಸಲ ಬರುವ ಮಾತು

ಆಂಡರ್ಸನ್‌ಪೇಟೆ
೧೩ ಮಾರ್ಚ್ ೨೦೨೫

ಕಲ್ಪನ ಅತ್ತಿಗೆಗೆ, ಸುಮಿತಾಳ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತುಂಬ ಸುಸ್ತಾಗಿದೆ ಅತ್ತಿಗೆ. ಅಣ್ಣ ಕುಡಿದು ಆಟೋ ಓಡಿಸಿ, ಮುಳಬಾಗಿಲು ರಸ್ತೆಯಲ್ಲಿ ಒಬ್ಬ ಮುದುಕಿಯ ಪ್ರಾಣ ತೆಗೆದು ಜೈಲು ಸೇರಿ ಹನ್ನೊಂದು ತಿಂಗಳಾಯಿತು. ಕೇಳಿದವರಿಗೆಲ್ಲ, “ಸೆಲ್ವರಾಜ್ ಹೊಸೂರಲ್ಲಿ ಕೆಲಸಕ್ಕವ್ನೆ” ಅನ್ನು ಎಂದು ಅಮ್ಮ ಹೇಳಿಕೊಟ್ಟರು. ನಾನು ಹಾಗೇ ಅನ್ನುತ್ತಾ ಬಂದೆ. ಒಂದು ದಿನವೂ ಅವನನ್ನು ನೋಡಲು ಹೋಗಲಿಲ್ಲ.

ಹೋದ ವಾರ ನಮ್ಮ ಪಾದ್ರಿಗಳಿಗೆ ಗಂಟಲು ಕಟ್ಟಿತು. ಬೈಬಲ್ ಶಾಲೆಯಲ್ಲಿ ಗ್ರೀಕ್ ಕಲಿತವಳು ನೀನೇ, ಭಾನುವಾರ ಚರ್ಚಿನಲ್ಲಿ ಪ್ರಸಂಗ ನೀನು ಮಾಡು ಎಂದರು. ಬೈಬಲಿನಲ್ಲಿ ಪೌಲನು ಸೆರೆಮನೆಯಿಂದ ತಿಮೊಥೆಯನಿಗೆ ಬರೆದ ಪತ್ರದ ಭಾಗ. ಒನೇಸಿಫೊರ ಎಂಬವನು ರೋಮಿನಲ್ಲಿ ಪೌಲನನ್ನು ಹುಡುಕಿಕೊಂಡು ಬರುತ್ತಾನೆ, ಅವನ ಬೇಡಿಗೆ ನಾಚುವುದಿಲ್ಲ, ಎಷ್ಟೋ ಸಲ ಅವನ ದಣಿವಾರಿಸುತ್ತಾನೆ. ಅಲ್ಲಿರುವ ಗ್ರೀಕ್ ಮಾತು ‘ಅನಪ್ಸೂಖೋ’. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಬರುವುದು ಅದೊಂದೇ ಕಡೆ. ತಂಪು ಮಾಡು, ಮತ್ತೆ ಉಸಿರಾಡುವಂತೆ ಮಾಡು ಎಂದರ್ಥ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ, ಏಳನೆಯ ದಿನ ದಾಸಿಯ ಮಗನೂ ಪರದೇಶಿಯೂ ಸುಧಾರಿಸಿಕೊಳ್ಳಲಿ ಎನ್ನುವಲ್ಲಿಯೂ ಇದೇ ಮಾತಿದೆ. ಇಷ್ಟನ್ನೂ ನೀಟಾಗಿ ಬರೆದಿಟ್ಟುಕೊಂಡೆ.

ಶನಿವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಮ್ಮ ತಾಯಿ ಮಂಗಮ್ಮನವರು ಸಿಕ್ಕರು. “ಕಲ್ಪನ ಸೋಮವಾರ ಸೋಮವಾರ ಹಸು ಕರೆದುಬುಟ್ಟು ಕೋಲಾರದ ಜೈಲಿಗೋಗ್ತಾಳೆ ಕಣವ್ವ. ಬ್ಯಾಡ ಅಂದ್ರೂ ಕೇಳಾಕಿಲ್ಲ. ನಿಂಗೊತ್ತಿಲ್ವಾ?” ಎಂದರು. ನಾನು ಗೊತ್ತು ಅಂದುಬಿಟ್ಟೆ.

ಅವನ ಕುಡಿತ ತಾಳಲಾರದೆ ನೀವು ತವರಿಗೆ ಹೋದಾಗ, ನೀವು ಬಿಟ್ಟುಹೋದದ್ದಕ್ಕೇ ಅವನು ಕೆಟ್ಟ ಎಂದು ನಾಲ್ಕು ಜನರೆದುರು ಅಂದವಳು ನಾನು. ಅದು ಸುಳ್ಳೆಂದು ಅವತ್ತೇ ಗೊತ್ತಿತ್ತು.

ಭಾನುವಾರ ಪ್ರಸಂಗ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಿಂದ ಶ್ಯಾಮಲಕ್ಕ ಕೇಳಿದರು: “ಈಗಿನ ಕಾಲದಾಗೆ ಜೈಲಲ್ಲಿರೋರ್ನ ಅಂಗೆ ಯಾರು ನೋಡೋಕೋಗ್ತಾರಮ್ಮ?”

“ನಮ್ಮತ್ತಿಗೆ ಓಗ್ತಾರೆ,” ಅಂದೆ. “ನಮ್ಮಣ್ಣ ಹೊಸೂರಲ್ಲಿಲ್ಲ. ಕೋಲಾರದ ಜೈಲಲ್ಲವ್ನೆ.”

ಅಮ್ಮ ಎದ್ದು ಹೊರಗೆ ನಡೆದರು. ಇವತ್ತಿಗೆ ನಾಲ್ಕು ದಿನ, ನನ್ನೊಡನೆ ಮಾತಿಲ್ಲ. ತಟ್ಟೆ ಇಟ್ಟರೆ ಗೋಡೆ ಕಡೆ ತಿರುಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟಾಗುವಷ್ಟು ಶಕ್ತಿಯೂ ಇಲ್ಲ.

ಮಂಗಳವಾರ ನಾನೇ ಕೋಲಾರಕ್ಕೆ ಹೋದೆ. ಅಣ್ಣ ಇಳಿದುಹೋಗಿದ್ದಾನೆ. ನನ್ನ ಮುಖ ನೋಡಲಾರದೆ ಕೈ ನೋಡುತ್ತಾ ಕೂತ. ಕೊನೆಗೆ, “ಸೋಮವಾರ ಕಲ್ಪನ ಬಂದೋದ್ರೆ ಒಸಿ ಉಸುರು ಬತ್ತದೆ ಕಣೇ. ಮತ್ತೆ ಸಂಸಾರ ಮಾಡಾಕ್ಕಲ್ಲ, ಸುಮ್ನೆ ಬತ್ತಾಳೆ,” ಎಂದ.

ಎರಡು ವರ್ಷ ಗ್ರೀಕ್ ಓದಿ ನಾನು ಬರೆದಿಟ್ಟುಕೊಂಡಿದ್ದ ಅರ್ಥವನ್ನೇ ಅವನು ಹೇಳಿದ್ದ.

ನೀವು ಅವನ ಮನೆಗೆ ಮರಳಿ ಬನ್ನಿ ಎಂದು ಕೇಳಲಾರೆ. ನನ್ನ ಮಾತನ್ನು ಕ್ಷಮಿಸಿ ಎಂದಷ್ಟೇ ಕೇಳುತ್ತೇನೆ. ಒಂದು ವಾರ ಬಿಟ್ಟು ಒಂದು ವಾರ ನಾನು ಹೋಗುತ್ತೇನೆ, ನೀವೂ ಸ್ವಲ್ಪ ಸುಧಾರಿಸಿಕೊಳ್ಳಿ.

ನಿಮ್ಮ ನಾದಿನಿ,
ಸುಮಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಜೈಲಿನ ಬಾಗಿಲಲ್ಲಿ, ಕೈದಿಗೆ ನೀವೇನಾಗಬೇಕು ಎಂದು ಕೇಳಿ ಪುಸ್ತಕ ಮುಂದಿಟ್ಟರು. ನನ್ನ ಹಿಂದೆ ನಮ್ಮ ಬೀದಿಯವರೊಬ್ಬರು ನಿಂತಿದ್ದರು. ‘ಪರಿಚಯದವಳು’ ಎಂದು ಬರೆದೆ ಅತ್ತಿಗೆ.