ಕಾವಲುಗಾರನ ಮನೆಯ ಕಂತು

ಭಾನುವಾರ, ಮಾರ್ಚ್ 16

ಪುಟ್ಟೀ,

‘ಆಶೀರ್ವಾದಗಳು’ ಎಂದು ಬರೆದು ಹೊಡೆದು ಹಾಕಿದೆ. ಆರು ವರ್ಷ ಮಾತು ಬಿಟ್ಟ ಅಮ್ಮ ಒಮ್ಮೆಲೇ ಆಶೀರ್ವಾದ ಮಾಡಿದರೆ ನಿನಗೆ ನಗು ಬಂದೀತು. ಚೆನ್ನಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಇಷ್ಟು ಕೇಳುವ ಹಕ್ಕನ್ನು ನಾನೇ ಕೊಟ್ಟುಕೊಂಡಿದ್ದೇನೆ.

ನಿನ್ನ ಕಾರ್ಡು ಬಂದು ತಿಂಗಳಾಯಿತು. ‘ಗುರುವಾರದ ಕಂತು ನೋಡಮ್ಮ, ಅದನ್ನು ಎಡಿಟ್ ಮಾಡಿದ್ದು ನಾನು’ ಎಂಬ ಒಂದೇ ಸಾಲು. ಕೋಪದಿಂದ ಅದನ್ನು ಗುಂಡಿ ಡಬ್ಬಿಯ ಕೆಳಗೆ ತುರುಕಿದೆ. ಅರ್ಧ ಗಂಟೆಗೆ ಮತ್ತೆ ತೆಗೆದು ಓದಿದೆ. ನೀನು ಟಿವಿಯವರ ಹತ್ತಿರ ಕೆಲಸಕ್ಕೆ ಸೇರಿದ್ದು ಕಿವಿಗೆ ಬಿದ್ದಿತ್ತು. ಆದರೆ ಹೊಲಿಗೆ ಅಂಗಡಿಯಲ್ಲಿ ನಾವೆಲ್ಲ ದಿನಾ ಸಂಜೆ ಮಿಷನ್ ನಿಲ್ಲಿಸಿ, ಬಾಯಿ ಬಿಟ್ಟುಕೊಂಡು ನೋಡುವ ಧಾರಾವಾಹಿಯೇ ನಿನ್ನದೆಂದು ಗೊತ್ತಿರಲಿಲ್ಲ.

ಅದರ ನಾಯಕ ಧಣಿ ಎಂದರೆ ನಮಗೆ ಪ್ರಾಣ. ಕಳ್ಳಸಾಗಣೆ ಮಾಡುತ್ತಾನೆ, ಅಡ್ಡ ಬಂದವರನ್ನು ಕೊಲ್ಲಿಸುತ್ತಾನೆ, ಎಲ್ಲ ಗೊತ್ತು. ಆದರೂ ಬೆಳಗ್ಗೆ ಕೂತು ಮಗಳಿಗೆ ಜಡೆ ಹೆಣೆಯುತ್ತಾನಲ್ಲ, ಅಲ್ಲಿಗೆ ನಾವು ಕರಗಿ ನೀರಾಗುತ್ತೇವೆ. ನಮ್ಮಲ್ಲಿ ಕಾಜಾ ಹೊಲಿಯುವ ಒಬ್ಬಳಿದ್ದಾಳೆ, ಎಲ್ಲರಿಗೂ ಕಾಜಾ ಅಕ್ಕ. ಪೊಲೀಸರು ಧಣಿಯ ಮನೆಗೆ ನುಗ್ಗಿದ ದಿನ ಅವಳು ಸೂಜಿ ಎತ್ತಿ ಹಿಡಿದು ‘ಹಿಂದಿನ ಬಾಗಿಲಿಂದ ಓಡೋ ಪುಣ್ಯಾತ್ಮ’ ಎಂದು ಕೂಗಿಬಿಟ್ಟಳು. ಅವನ ಹೆಂಡತಿಯೇ ಪೊಲೀಸರಿಗೆ ಫೋನ್ ಮಾಡಿದ್ದೆಂದು ಗೊತ್ತಾದಾಗ ಪಕ್ಕದ ಪಾರ್ಲರಿನವಳು ನೆಟಿಗೆ ಮುರಿದು ಶಾಪ ಹಾಕಿದಳು. ನಾನೂ ನನ್ನದೊಂದು ಸೇರಿಸಿದೆ, ಉಂಡ ಮನೆಗೇ ದ್ರೋಹ ಬಗೆದಳು ಅಂತ. ಹೇಳಿದ ಮೇಲೆ ನೆನಪಾಯಿತು. ಇದೇ ಮಾತನ್ನು ನಿನಗೆ ಅಂದಿದ್ದೆನಲ್ಲ, ಪೊಲೀಸರು ಅಪ್ಪನನ್ನು ಕರೆದುಕೊಂಡು ಹೋದ ದಿನ, ಬಾಗಿಲಲ್ಲಿ ನಿಂತು.

ಸರಿ, ಗುರುವಾರ ಬಂತು. ಧಣಿ ಎಲ್ಲೂ ಕಾಣಲಿಲ್ಲ. ಮೂರನೇ ವಾರದಲ್ಲಿ ಅವನು ಕೊಲ್ಲಿಸಿದ್ದ ಗೋದಾಮಿನ ಕಾವಲುಗಾರನ ಮನೆಯಲ್ಲೇ ಕಂತು ಪೂರ್ತಿ ನಡೆಯಿತು. ನಮಗೆ ಆ ಕಾವಲುಗಾರನ ನೆನಪೂ ಇರಲಿಲ್ಲ ಪುಟ್ಟಿ. ಸತ್ತಾಗ ‘ಸದ್ಯ, ಧಣಿ ಬಚಾವಾದ’ ಅಂದುಕೊಂಡಿದ್ದೆವು. ಕಾವಲುಗಾರನ ಹೆಂಡತಿ ಬಾಗಿಲ ಹತ್ತಿರದ ಗಂಡನ ಬೂಟುಗಳನ್ನು ಒರೆಸುತ್ತಾಳೆ, ಹೊರಗಿಡುತ್ತಾಳೆ, ಮತ್ತೆ ಒಳಗೆ ತರುತ್ತಾಳೆ. ಪಾರ್ಲರಿನವಳು ‘ಇದೇನಿದು ಗೋಳು, ಧಣಿ ಯಾವಾಗ ಬರ್ತಾನೆ?’ ಎಂದು ರಿಮೋಟಿಗೆ ಕೈ ಹಾಕಿದಳು. ನಾನು ಕೈ ಹಿಡಿದುಕೊಂಡೆ. ಆ ಬೂಟುಗಳನ್ನು ಅಷ್ಟು ಹೊತ್ತು ತೋರಿಸಿದವಳು ನೀನೆಂದು ನನಗೊಬ್ಬಳಿಗೇ ಗೊತ್ತಿತ್ತು.

ಅವತ್ತಿನಿಂದ ಒಂದೇ ಯೋಚನೆ. ನಾವು ಯಾರ ಮನೆಯಲ್ಲಿ ಕೂತಿರುತ್ತೇವೋ ಅವರ ಪಕ್ಷ ವಹಿಸುತ್ತೇವೆ. ನಾನು ಇಪ್ಪತ್ತೆಂಟು ವರ್ಷ ನಿನ್ನಪ್ಪನ ಮನೆಯಲ್ಲಿ ಕೂತಿದ್ದೆ. ನನಗೆ ಜ್ವರ ಬಂದರೆ ಗಂಜಿ ಕಾಯಿಸುತ್ತಿದ್ದರು, ನಿನ್ನನ್ನು ಹೆಗಲ ಮೇಲಿಟ್ಟುಕೊಂಡು ಔಷಧಿ ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ಅವಧಿ ಮುಗಿದ ಗುಳಿಗೆಗಳ ತಾರೀಖು ಅಳಿಸಿ ಹೊಸದು ಒತ್ತಿ ಮಾರಿದವರೂ ಅವರೇ. ನೀನು ಕಾಲೇಜು ರಜೆಯಲ್ಲಿ ಅಂಗಡಿಯಲ್ಲಿ ಕೂತವಳು, ಬಸ್ ಡ್ರೈವರು ನಮ್ಮಲ್ಲಿ ಕೊಂಡ ರಕ್ತದೊತ್ತಡದ ಗುಳಿಗೆ ನುಂಗುತ್ತಿದ್ದರೂ ಪಾರ್ಶ್ವವಾಯು ಬಡಿದು ಮಲಗಿದ್ದನ್ನು ಅವರ ಮನೆಗೇ ಹೋಗಿ ನೋಡಿ ಬಂದೆ. ಆಮೇಲೆ ಡ್ರಗ್ ಇನ್‌ಸ್ಪೆಕ್ಟರ ಹತ್ತಿರ ಹೋದೆ. ನಾನು ಆ ಮನೆಯ ಕಡೆ ತಲೆ ಹಾಕಿಯೂ ನೋಡಲಿಲ್ಲ.

ಕೋರ್ಟಿನಲ್ಲಿ ಇನ್‌ಸ್ಪೆಕ್ಟರು ಹೇಳಿದ್ದು ನಿನಗೆ ನೆನಪಿರಬೇಕು. ಕಾರ್ಖಾನೆಯ ತಾರೀಖು ಸ್ವಲ್ಪ ವಾರೆಯಾಗಿರುತ್ತದೆ, ಇದು ದಾರ ಹಿಡಿದು ಒತ್ತಿದ ಹಾಗೆ ನೇರವಾಗಿದೆ, ಅದಕ್ಕೇ ಸಿಕ್ಕಿಬಿದ್ದರು ಎಂದು. ಅಪ್ಪ ತಲೆ ಬಗ್ಗಿಸಿಕೊಂಡು ಎಲ್ಲ ತಮ್ಮದೇ ಕೆಲಸ ಅಂದರು. ಒಂದೂವರೆ ವರ್ಷ ಒಳಗಿದ್ದು ಬಂದರು, ಬಂದವರು ಮೆತ್ತಗಾಗಿಬಿಟ್ಟಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ನೀನು ಬಂದೆ, ನಾನು ಗೋಡೆಯ ಕಡೆ ಮುಖ ತಿರುಗಿಸಿ ಕೂತೆ. ನಿನ್ನ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುವವರೆಗೂ ಕೇಳಿಸಿಕೊಂಡೆ. ಆದರೂ ಕರೆಯಲಿಲ್ಲ.

ಕಂತು ನೋಡಿದ ಮೂರನೇ ದಿನ ಡ್ರೈವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆರೆದು, ಗುರುತು ಹಿಡಿದರು. ಆಮೇಲೆ ‘ಬಿಸಿಲಲ್ಲಿ ಯಾಕೆ ನಿಂತ್ಕೋತೀರಿ, ಒಳಗೆ ಬನ್ನಿ’ ಅಂದರು. ಡ್ರೈವರು ಎಡಗೈಯಲ್ಲಿ ಶರ್ಟಿನ ಗುಂಡಿಯ ಜೊತೆ ಗುದ್ದಾಡುತ್ತಿದ್ದರು. ನನಗೆ ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಹೊಲಿಗೆಯವಳ ಬಾಯಿಂದ ಇನ್ನೇನು ಬಂದೀತು, ‘ಎಲ್ಲಾ ಶರ್ಟೂ ಕೊಡಿ’ ಅಂದೆ. ಗುಂಡಿ ಕಿತ್ತು, ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಹಾಕಿದೆ. ಮೇಲೆ ಸುಳ್ಳು ಗುಂಡಿ, ನೋಡಿದವರಿಗೆ ಗೊತ್ತಾಗಬಾರದಲ್ಲ. ಈಗ ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತಾರೆ. ಹೋದ ವಾರ ಪಟ್ಟಿಯನ್ನು ಪರ್ರೆಂದು ಬಿಚ್ಚಿ, ಮುಚ್ಚಿ, ಬಿಚ್ಚಿ, ಮಗುವಿನ ಹಾಗೆ ನಕ್ಕರು.

ಆ ಕಂತಿನಿಂದ ನೋಡುಗರು ಸಿಟ್ಟಾಗಿದ್ದಾರೆ, ಧಣಿಯನ್ನು ವಾಪಸ್ ತನ್ನಿ ಎಂದು ಚಾನೆಲ್ಲಿಗೆ ಬೈದು ಬರೆಯುತ್ತಿದ್ದಾರೆ ಎಂದು ಪೇಪರಿನಲ್ಲಿ ಓದಿದೆ. ನಿನ್ನ ಕತ್ತರಿಗೆ ಯಾರಾದರೂ ಅಡ್ಡ ಬಂದರೆ ಬಗ್ಗಬೇಡ. ನಿನ್ನೆ ಕಾಜಾ ಅಕ್ಕ ಗುಂಡಿ ಹಚ್ಚುತ್ತಾ ‘ಆ ಬೂಟಿನವಳು ಏನಾದ್ಳೋ ಪಾಪ, ಅವಳನ್ನ ಮತ್ತೆ ತೋರಿಸ್ತಾರಾ?’ ಎಂದು ಕೇಳಿದಳು. ಧಣಿಯ ಸುದ್ದಿ ಎತ್ತಲಿಲ್ಲ. ಒಬ್ಬಳು ತಿರುಗಿದರೆ ಸಾಲದೇ? ಇಬ್ಬರು ಅನ್ನು, ನನ್ನನ್ನೂ ಲೆಕ್ಕಕ್ಕೆ ಹಿಡಿ.

ಮೂವತ್ತನೇ ತಾರೀಖು ಭಾನುವಾರ. ನಿನಗೆ ರಜೆ ಸಿಕ್ಕರೆ ಮನೆಗೆ ಬಾ. ನಿನ್ನ ಕೋಣೆಯಲ್ಲಿ ಬಟ್ಟೆ ಗಂಟುಗಳನ್ನು ತುಂಬಿದ್ದೆ, ಖಾಲಿ ಮಾಡಿದ್ದೇನೆ. ಗೋಡೆಯ ಕಡೆ ಮುಖ ಮಾಡಿ ಕೂರುವುದಿಲ್ಲ, ಬಾಗಿಲಲ್ಲೇ ನಿಂತಿರುತ್ತೇನೆ.

ನಿನ್ನ ದಾರಿ ಕಾಯುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನಪ್ಪ ಜೀವಮಾನದಲ್ಲಿ ಒಂದು ಗೆರೆ ನೇರ ಎಳೆದವರಲ್ಲ. ಆ ತಾರೀಖುಗಳನ್ನು ಒತ್ತಿದ್ದು ನಾನು, ಈ ಹೊಲಿಗೆ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅಂಚಿಗೆ ಅಳತೆಪಟ್ಟಿ ಇಟ್ಟುಕೊಂಡು. ಹಳೇ ಗುಳಿಗೆಯಿಂದ ಯಾರಿಗೂ ಏನೂ ಆಗಲ್ಲ ಎಂದು ಅವರು ಅಂದರು, ನಾನು ನಂಬಿದೆ. ಸಾಯುವವರೆಗೂ ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ನನ್ನ ಕೈ ಎಷ್ಟು ನೇರವೆಂದು ನಿನಗೂ ಗೊತ್ತು. ನೀನೂ ನನ್ನ ಹೆಸರು ಹೇಳದೆ ಬಿಟ್ಟದ್ದು ತಿಳಿಯದೆಯೋ, ತಿಳಿದೋ? ಡ್ರೈವರ ಹೆಂಡತಿಗೆ ಮೊನ್ನೆ ಎಲ್ಲ ಹೇಳಿದೆ. ಅವರು ‘ತೋಳು ಇನ್ನೊಂಚೂರು ಸಡಿಲ ಮಾಡ್ಕೊಡಿ’ ಎಂದು ಒಂದು ಶರ್ಟು ಕೈಗಿಟ್ಟರು. ಮೂವತ್ತೊಂದರ ಸೋಮವಾರ ಇನ್‌ಸ್ಪೆಕ್ಟರ ಕಚೇರಿಗೆ ಹೋಗಿ ಹೇಳಬೇಕೆಂದಿದ್ದೇನೆ. ನೀನು ಜೊತೆಗೆ ಬರುತ್ತೀಯಾ? ನೀನು ಬರದಿದ್ದರೂ ಹೋಗುತ್ತೇನೆ.