ಬೋರಲಾಗಿಟ್ಟ ಕಲ್ಲು

ದಿಜೋನ್, ಸೋಮವಾರ
6 ಮಾರ್ಚ್ 1978

ನನ್ನ ಮುದ್ದು ಅಮ್ಮನಿಗೆ,

ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ನಿನ್ನೆ ಫೋನಿನಲ್ಲಿ ನೀನು, "ಏನೇ ಇದು, ವರ್ಷಕ್ಕೆರಡು ಸಲ ಮಾತಾಡ್ತಿದ್ದೋಳು ಈಗ ಭಾನುವಾರ ಬಂದ್ರೆ ಸಾಕು, ಅಣ್ಣ ಹೇಗಿದಾನೆ, ಅಣ್ಣ ಹೇಗಿದಾನೆ ಅಂತ ಬಡ್ಕೋತೀಯ? ರೆಮಿ ಗೂಳಿ ಹಾಗಿದಾನೆ, ಈ ವಾರ ಕೊಟ್ಟಿಗೆ ಹೆಂಚು ಸರಿಮಾಡ್ತಾನಂತೆ" ಎಂದು ನಕ್ಕೆ. ನಾನೂ ನಕ್ಕೆ. ಹೇಳಬೇಕಾದದ್ದನ್ನು ಹೇಳದೆ ಫೋನಿಟ್ಟೆ.

ನಮ್ಮೂರಿನ ಹಳೆಯ ಮಠದ ಕೆತ್ತನೆಯ ಚೂರುಗಳು ಇಲ್ಲಿನ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಮುನ್ನೂರಕ್ಕೂ ಹೆಚ್ಚಿವೆ. ಒಡೆದ ಅಂಚಿಗೆ ಅಂಚು ಕೂಡಿಸಿ ನೋಡುವುದೇ ನನ್ನ ಕೆಲಸ. ಎರಡು ವರ್ಷದಲ್ಲಿ ಮಾತೆ ಮರಿಯಳ ಉಬ್ಬುಶಿಲ್ಪವೊಂದು ಕೂಡಿಬಂದಿದೆ. ತೊಡೆಯ ಮೇಲೆ ಮಗು. ಇಬ್ಬರದೂ ಒಂದೊಂದು ಕೈ ಇಲ್ಲ. ಶುಕ್ರವಾರ ಹೊಸ ಕೈ ಕೆತ್ತಿ, ಗಾರೆ ಹಾಕಿ ಕೂರಿಸಿಬಿಡುತ್ತಾರೆ. ಆಮೇಲೆ ಬಿಚ್ಚುವ ಹಾಗಿಲ್ಲ.

ಆ ಕೈ ಕೆತ್ತಿರುವುದು ನಮ್ಮ ಮನೆಯ ಚೀಸ್ ಒತ್ತುವ ಕಲ್ಲಿನ ಅಡಿಮುಖದಲ್ಲಿ, ಅಮ್ಮ. ಮಠ ಒಡೆದಾಗ ನಮ್ಮೂರಿನವರು ಹಂದಿಗೂಡಿಗೂ ಬಾವಿಕಟ್ಟೆಗೂ ಅಲ್ಲಿಯ ಕಲ್ಲು ಹೊತ್ತು ತಂದರು. ಕೆತ್ತನೆಯ ಮುಖ ಮಾತ್ರ ಒಳಗೆ ತಿರುಗಿಸಿಟ್ಟರು. ಮೇಲೆ ಮಾಡಿದರೆ ಮನೆಯ ಗಂಡಸಿಗೆ ಕೇಡೆಂದು ಇಂದಿಗೂ ಯಾರೂ ಮುಟ್ಟುವುದಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಕಲ್ಲಿನ ಮುಖ ಮೇಲಾಯಿತು. ಆ ಚಳಿಗಾಲದಲ್ಲೇ ಅಪ್ಪ ಕೊಟ್ಟಿಗೆಯ ಮಾಡಿನಿಂದ ಬಿದ್ದು ಸತ್ತ. "ಬೇಡ ಬೇಡ ಅಂದ್ರೂ ತಾವೇ ತಿರುಗಿಸಿದ್ರು, ತಾವೇ ಹೋದ್ರು" ಎಂದು ನೀನು ಅತ್ತೆ. ಇಪ್ಪತ್ತೆರಡು ವರ್ಷದಿಂದ ಅಪ್ಪನನ್ನು ಬೈಯುತ್ತಲೇ ಇದ್ದೀಯ.

ತಿರುಗಿಸಿದ್ದು ಅಪ್ಪನಲ್ಲ ಅಮ್ಮ, ನಾನು. ಸದ್ದು ಕೇಳಿ ನೀನು ಓಡಿಬಂದಾಗ ಅಪ್ಪ ಅದನ್ನು ಮತ್ತೆ ಬೋರಲು ಹಾಕುತ್ತಿದ್ದ. ನನಗೆ ಏಟು ಬೀಳಬಾರದೆಂದು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ಅಲ್ಲಿ ಕಂಡದ್ದಾದರೂ ಏನು? ತಾಯಿಯ ಬೆರಳನ್ನು ಬಿಗಿಯಾಗಿ ಹಿಡಿದ ಮಗುವಿನ ಪುಟ್ಟ ಮುಷ್ಟಿ. ಅದು ಯಾರಿಗೆ ಕೇಡು ಮಾಡೀತು? ಓದಿದವಳು ನಾನು, ಇದನ್ನೆಲ್ಲ ನಂಬುವುದಿಲ್ಲ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಏಳುತ್ತೇನೆ, ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಒಂದು ಸಾಲು ಬರೆಯುತ್ತೇನೆ. ಆ ಕೈಯನ್ನೇ ಶಿಲ್ಪಕ್ಕೆ ಕೂಡಿಸಲು ಶುಕ್ರವಾರದೊಳಗೆ ಹೂಂ ಅಂತಲೋ ಬೇಡ ಅಂತಲೋ ತಿಳಿಸು. ಕಲ್ಲು ಹೊರುವ ಕಷ್ಟ ನಿನಗೆ ಬೇಡ.

ನಿನ್ನ ಸಿಟ್ಟಿಗೆ ಕಾದಿರುವ ಮಗಳು,
ಅರ್ಲೆಟ್

ಇದನ್ನೂ ಹೇಳಿಬಿಡುತ್ತೇನೆ: ನವೆಂಬರಿನಲ್ಲಿ ಅಪ್ಪನ ಸಮಾಧಿಗೆ ಸೇವಂತಿಗೆ ಇಡಲು ಬಂದಿದ್ದೆನಲ್ಲ, ಆಗಲೇ ಕಲ್ಲು ಬದಲಾಯಿಸಿದೆ. ಈಗ ನಿನ್ನ ಚೀಸ್ ಮೇಲಿರುವುದು ಬರೀ ಕಲ್ಲು. ಆ ಕೈ ನಾಲ್ಕು ತಿಂಗಳಿಂದ ನನ್ನ ಮೇಜಿನ ಮೇಲೆ, ಮುಖ ಮೇಲಾಗಿ ಇದೆ. ಅಂಚು ಕೂದಲೆಳೆಯಷ್ಟೂ ಬಿಡದೆ ಕೂಡುತ್ತದೆ. ಭಾನುವಾರದ ಫೋನು ಅದಕ್ಕೇ. ಅಮ್ಮ, ರೆಮಿ ಕೊಟ್ಟಿಗೆಯ ಮಾಡು ಹತ್ತದಂತೆ ನೋಡಿಕೋ.